ವುಝೂವಿನ ನೀರು, ಮೊಹಲ್ಲಾದ ಹಸಿರು

ಸಹೋದರಿಯರೇ, ನಿಮ್ಮ ಮನೆಯಲ್ಲಿ ವುಝೂ ಮಾಡಿದ ನೀರು ಎಲ್ಲಿಗೆ ಹೋಗುತ್ತದೆಂದು ಎಂದಾದರೂ ಯೋಚಿಸಿದ್ದೀರಾ? ಅದರಲ್ಲಿ ಸೋಪಿಲ್ಲ, ಎಣ್ಣೆಯಿಲ್ಲ. ಆದರೂ ದಿನಕ್ಕೆ ಐದು ಬಾರಿ ಅದು ನೇರವಾಗಿ ಚರಂಡಿ ಸೇರುತ್ತದೆ.

ಬೆಂಗಳೂರನ್ನೇ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಮಳೆಗೆ ಬಡಾವಣೆಗಳು ಮುಳುಗಿ ಜನರು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಹೊರಬಂದರು. 2024ರ ಮಾರ್ಚ್‌ನಲ್ಲಿ ಅದೇ ನಗರ ಬಿಂದಿಗೆ ಹಿಡಿದು ಟ್ಯಾಂಕರಿಗೆ ಕಾಯಿತು. ಕುಡಿಯುವ ನೀರನ್ನು ಕೈತೋಟಕ್ಕೆ ಅಥವಾ ವಾಹನ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತು. ಏಪ್ರಿಲ್‌ನಲ್ಲಿ ತಾಪಮಾನ 38 ಡಿಗ್ರಿ ದಾಟಿತು.

ಇದಕ್ಕೆ ಹವಾಮಾನ ಬದಲಾವಣೆ ಒಂದು ಕಾರಣ. ಕೆರೆಗಳನ್ನು ಮುಚ್ಚಿ ನೆಲಕ್ಕೆ ಕಾಂಕ್ರೀಟ್ ಹಾಸಿದ್ದು ಇನ್ನೊಂದು. ಕಾಂಕ್ರೀಟು ಮಳೆನೀರನ್ನು ಇಂಗಗೊಡುವುದಿಲ್ಲ. ಹಗಲಿನ ಬಿಸಿಯನ್ನು ಹೀರಿಕೊಂಡು ರಾತ್ರಿ ಹೊರಬಿಡುತ್ತದೆ. ಶೀಟಿನ ಮನೆಯಲ್ಲಿ ಮಲಗುವ ಹಸುಗೂಸು, ವೃದ್ಧರು ಮತ್ತು ಗರ್ಭಿಣಿಯರೇ ಇದಕ್ಕೆ ಮೊದಲು ಬಲಿಯಾಗುತ್ತಾರೆ. ಇದಕ್ಕೆ ಪ್ರತಿಯಾಗಿ ತೋಟದ ಮಣ್ಣು ಮಳೆಯನ್ನು ಕುಡಿಯುತ್ತದೆ. ಗಿಡಗಳು ನೆರಳು ಕೊಡುತ್ತವೆ, ಎಲೆಗಳಿಂದ ನೀರನ್ನು ಆವಿಯಾಗಿಸಿ ಸುತ್ತಲಿನ ಗಾಳಿಯನ್ನು ತಂಪಾಗಿಸುತ್ತವೆ.

1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದಾಗ ಕ್ಯೂಬಾಕ್ಕೆ ಅಗ್ಗದ ತೈಲ, ರಸಗೊಬ್ಬರ ಬರುವುದು ನಿಂತಿತು. ಆಗ ರಾಜಧಾನಿ ಹವಾನಾದ ಜನರು ಖಾಲಿ ನಿವೇಶನಗಳಲ್ಲೇ ತರಕಾರಿ ಬೆಳೆದರು. ನೆಲ ಕೆಟ್ಟಿದ್ದಲ್ಲಿ ಸುತ್ತ ಕಟ್ಟೆ ಕಟ್ಟಿ ಮಣ್ಣು, ಕಾಂಪೋಸ್ಟ್ ತುಂಬಿದರು. ಸಂಕಷ್ಟವೇ ಅವರಿಗೆ ಪಾಠವಾಯಿತು.

ನಾವೂ ಆರಂಭಿಸಬಹುದಲ್ಲವೇ? ನಾಲ್ಕು ಮನೆಯವರು ಸೇರಿ, ಮಾಲಕರ ಒಪ್ಪಿಗೆ ಪಡೆದು ಒಂದು ಖಾಲಿ ಜಾಗವನ್ನೋ, ಮದ್ರಸಾದ ಅಂಗಳದ ಒಂದು ಬದಿಯನ್ನೋ ಆರಿಸಿ. ತರಕಾರಿ ಸಿಪ್ಪೆಯ ಮೇಲೆ ಒಣ ಎಲೆಗಳನ್ನು ಪದರ ಪದರವಾಗಿ ಹಾಕಿದರೆ ಕೆಲವೇ ತಿಂಗಳಲ್ಲಿ ಗೊಬ್ಬರ ಸಿದ್ಧ. ಮೊದಲು ಸುಲಭವಾದ ಹರಿವೆ, ಮೆಂತೆ, ಬಸಳೆ, ಪುದೀನ ಬೆಳೆಸಿ. ಅಂಚಿನಲ್ಲೊಂದು ನುಗ್ಗೆ ಇರಲಿ. ವುಝೂವಿನ ನೀರನ್ನು, ಅಕ್ಕಿ ತೊಳೆದ ನೀರನ್ನು ಅಂದಂದೇ ಗಿಡದ ಬುಡಕ್ಕೆ ಹಾಕಿ. ತುಂಬಿಟ್ಟರೆ ಸೊಳ್ಳೆಯಾದೀತು. ನೀರುಣಿಸುವ ಸರದಿಯನ್ನು ಮಕ್ಕಳಿಗೆ ವಹಿಸಿ.

ಒಬ್ಬ ವಿಶ್ವಾಸಿ ನೆಟ್ಟ ಗಿಡದಿಂದ ಮನುಷ್ಯನಾಗಲಿ, ಪ್ರಾಣಿ ಪಕ್ಷಿಗಳಾಗಲಿ ತಿಂದರೆ ಅದು ಆತನ ಪಾಲಿಗೆ ಸದಕಾ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ದಾನ ಮಾಡಲು ಕೈಯಲ್ಲಿ ಹಣವಿಲ್ಲವೆಂದು ಕೊರಗುವ ಸಹೋದರಿಗೆ ಇದಕ್ಕಿಂತ ದೊಡ್ಡ ಸಾಂತ್ವನವೇನಿದೆ?

ಇಂದಿನ ಅಸರ್ ನಮಾಝ್‌ಗೆ ವುಝೂ ಮಾಡುವಾಗ ನಲ್ಲಿಯ ಕೆಳಗೊಂದು ಬಕೆಟ್ ಇಡಿ. ನಿಮ್ಮ ಮೊಹಲ್ಲಾದ ತೋಟಕ್ಕೆ ಅದೇ ಮೊದಲ ಹೆಜ್ಜೆಯಾಗಲಿ.