ನೀರಲ್ಲಿ ಓಡಾಡುವ ‘ಚಪ್ಪಲಿ ಹುಳು’ ಮಲೇರಿಯಾ ತರುತ್ತದೆಯೇ?

ನಿಮ್ಮ ವಾಟ್ಸ್‌ಆ್ಯಪ್‌ಗೆ ಒಂದು ವಿಡಿಯೊ ಬಂತೆಂದುಕೊಳ್ಳಿ. ಹೊಸಪೇಟೆಯ ಕಾಲುವೆ ನೀರಿನ ಹನಿಯನ್ನು ಮೈಕ್ರೋಸ್ಕೋಪಿನಲ್ಲಿ ಇಟ್ಟಿದ್ದಾರೆ. ಚಪ್ಪಲಿಯಾಕಾರದ ಜೀವಿಗಳು ಉರುಳುತ್ತಾ ಓಡುತ್ತಿವೆ. ಕೆಳಗೆ, ‘ಇದು ಮಲೇರಿಯಾ ಕ್ರಿಮಿಯ ಜಾತಿ, ಕುಡಿದರೆ ಜ್ವರ ಖಚಿತ’ ಎಂಬ ಎಚ್ಚರಿಕೆ. ಇದರಲ್ಲಿ ಅರ್ಧ ಮಾತು ನಿಜ, ಇನ್ನರ್ಧ ಸುಳ್ಳು. ಯಾವುದು ಯಾವುದೆಂದು ನೋಡೋಣ.

ಇದು ಹುಳುವೇ?

ಅಲ್ಲ. ಇದು ಶಾಲೆಯ ಪುಸ್ತಕದಲ್ಲಿ ನಾವೆಲ್ಲ ಚಿತ್ರ ಬರೆದ ಪ್ಯಾರಾಮೀಸಿಯಂ. ಇಡೀ ದೇಹವೇ ಒಂದು ಜೀವಕೋಶ, ಉದ್ದ ಸುಮಾರು ಕಾಲು ಮಿಲಿಮೀಟರ್. ಮೈತುಂಬ ಇರುವ ಸಾವಿರಾರು ಸಣ್ಣ ಕೂದಲುಗಳೇ ಲೋಮಾಂಗಗಳು. ಅವನ್ನು ಹುಟ್ಟಿನಂತೆ ಬಡಿಯುತ್ತಾ ಈಜುತ್ತದೆ. ಬ್ಯಾಕ್ಟೀರಿಯಾ ಇದರ ಆಹಾರ. ಹಂಪಿಯ ಹೊಂಡವಾಗಲಿ, ಕಂಪ್ಲಿಯ ಭತ್ತದ ಗದ್ದೆಯಾಗಲಿ, ಸಂಡೂರಿನ ಕೆರೆಯಾಗಲಿ, ನೀರು ನಿಂತು ಎಲೆ ಕೊಳೆಯುವಲ್ಲಿ ಇಂಥವು ಇರುವುದು ಸಹಜ.

ಮಲೇರಿಯಾ ಕ್ರಿಮಿಯ ನೆಂಟನೇ?

ಹೌದು, ದೂರದ ನೆಂಟ. ಹಿಂದೆ ಏಕಕೋಶ ಜೀವಿಗಳನ್ನು ಚಲನೆ ನೋಡಿ ವಿಂಗಡಿಸುತ್ತಿದ್ದರು: ಹುಸಿಕಾಲಿನ ಅಮೀಬಾ, ಕಶಾಂಗದವು, ಲೋಮಾಂಗದವು, ಚಲನೆಯ ಅಂಗವಿಲ್ಲದ ಮಲೇರಿಯಾ ಕ್ರಿಮಿಯಂಥವು. ಇದು ಹಂಪಿ ಉತ್ಸವಕ್ಕೆ ಬಸ್ಸಲ್ಲಿ ಬಂದವರೆಲ್ಲ ಒಂದೇ ಮನೆತನ, ಬೈಕಲ್ಲಿ ಬಂದವರೆಲ್ಲ ಇನ್ನೊಂದು ಎಂದ ಹಾಗೆ!

ಮುಂದೆ ವಿಜ್ಞಾನಿಗಳು ಜೀನ್‌ಗಳನ್ನು ಹೋಲಿಸಿದಾಗ ಬೇರೆಯೇ ವಂಶವೃಕ್ಷ ಕಂಡಿತು. ಲೋಮಾಂಗ ಜೀವಿಗಳು, ಮಲೇರಿಯಾ ತರುವ ಪ್ಲಾಸ್ಮೋಡಿಯಂ, ಕಡಲ ಅಲೆಯಲ್ಲಿ ರಾತ್ರಿ ನೀಲಿ ಬೆಳಕು ಸೂಸುವ ನಾಕ್ಟಿಲ್ಯೂಕಾ ಇರುವ ಡೈನೊಫ್ಲಾಜೆಲೇಟ್‌ಗಳು, ಈ ಮೂರೂ ಒಂದೇ ಬಳಗ. ಹೆಸರು ಆಲ್ವಿಯೋಲೇಟಾ. ಮೂರಕ್ಕೂ ಹೊರಪೊರೆಯ ಕೆಳಗೆ ಚಪ್ಪಟೆ ಚೀಲಗಳ ಪದರವಿರುವುದು ಈ ನೆಂಟಸ್ತಿಕೆಯ ಗುರುತು. ಇವುಗಳಲ್ಲಿ ಪ್ಲಾಸ್ಮೋಡಿಯಂ ಮತ್ತು ಡೈನೊಫ್ಲಾಜೆಲೇಟ್‌ಗಳು ಹತ್ತಿರದವು, ಲೋಮಾಂಗ ಜೀವಿಗಳು ಅದಕ್ಕೂ ಮೊದಲೇ ಕವಲೊಡೆದವು. ಪಠ್ಯದಲ್ಲಿ ಪಕ್ಕದ ಚಿತ್ರವಾಗಿದ್ದ ಅಮೀಬಾ ಬೇರೆಯೇ ಕೊಂಬೆಯದು.

ಲೋಮಾಂಗ ಜೀವಿಗಳಿಗೆ ಇನ್ನೊಂದು ಗುರುತೂ ಇದೆ: ಎರಡು ಬಗೆಯ ಕೋಶಕೇಂದ್ರ. ದೊಡ್ಡದು ದಿನನಿತ್ಯದ ಕೆಲಸ ನಡೆಸುತ್ತದೆ, ಚಿಕ್ಕದು ಮುಂದಿನ ಪೀಳಿಗೆಗೆ ಜೀನ್‌ಗಳನ್ನು ಕಾಪಿಡುತ್ತದೆ. ಈ ಗುಂಪಿನದೇ ಆದ ಟೆಟ್ರಾಹೈಮಿನಾ ಮೇಲಿನ ಸಂಶೋಧನೆಗೆ 1989 ಮತ್ತು 2009ರ ನೊಬೆಲ್‌ಗಳಲ್ಲಿ ದೊಡ್ಡ ಪಾತ್ರವಿತ್ತು.

ಹಾಗಾದರೆ ಜ್ವರ ಬರುತ್ತದೆಯೇ?

ಇಲ್ಲ. ನೆಂಟಸ್ತಿಕೆಯಿಂದ ರೋಗ ಹರಡುವುದಿಲ್ಲ. ಮಲೇರಿಯಾ ಬರುವುದು ಅನಾಫಿಲಿಸ್ ಹೆಣ್ಣು ಸೊಳ್ಳೆ ಕಚ್ಚಿದಾಗ, ನೀರು ಕುಡಿದಾಗಲ್ಲ. ಪ್ಯಾರಾಮೀಸಿಯಂ ಮನುಷ್ಯರಿಗೆ ರೋಗ ತರುವುದಿಲ್ಲ. ಲೋಮಾಂಗ ಜೀವಿಗಳಲ್ಲಿ ನಮಗೆ ರೋಗ ತರುವುದಾಗಿ ಹೆಸರಾದದ್ದು ಬ್ಯಾಲಂಟಿಡಿಯಂ ಕೋಲೈ ಮಾತ್ರ. ಇದು ಮುಖ್ಯವಾಗಿ ಹಂದಿಗಳ ಕರುಳಲ್ಲಿರುತ್ತದೆ, ಮಲ ಬೆರೆತ ನೀರು, ಆಹಾರದಿಂದ ಬಂದು ಭೇದಿ ತರಬಹುದು.

ನೀವೇನು ಮಾಡಬೇಕು?

ಕುಡಿಯುವ ನೀರಿನಲ್ಲೇ ಪ್ಯಾರಾಮೀಸಿಯಂ ಕಂಡರೆ, ಅದಕ್ಕೆ ತಿನ್ನಲು ಬ್ಯಾಕ್ಟೀರಿಯಾ ಅಲ್ಲಿದೆ ಎಂದರ್ಥ. ಟ್ಯಾಂಕ್ ತೊಳೆಯಿರಿ, ನೀರನ್ನು ಚೆನ್ನಾಗಿ ಕುದಿಸಿ ಕುಡಿಯಿರಿ. ಮಲೇರಿಯಾ ತಡೆಯಲು ಟ್ಯಾಂಕ್ ಮುಚ್ಚಿಡಿ, ಸೊಳ್ಳೆಪರದೆ ಕಟ್ಟಿ. ಜ್ವರ ಬಂದರೆ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿಸಿ.

ಕಾಲುವೆಯ ಹಸಿ ನೀರು ಕುಡಿಯಬೇಡಿ ಎಂಬ ಸಲಹೆ ಸರಿ. ಅದಕ್ಕೆ ಕಾರಣ ಮಾತ್ರ ಚಪ್ಪಲಿ ಹುಳುವಲ್ಲ.