ಸಂಗೀತ ವಿದ್ವತ್ತಿನಿಂದ ಸಂಸ್ಥೆಯ ಸಾರಥ್ಯಕ್ಕೆ: ಪುಟ್ಟರಾಜ ಗವಾಯಿಗಳ ವಿದ್ಯಾದಾಸೋಹ

ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ಬಾಲಕನೊಬ್ಬನನ್ನು ಅವನ ಸೋದರಮಾವ, ರಂಗಕಲಾವಿದ ಬೆಳಗಲ್ಲು ವೀರಣ್ಣನವರು 1968ರಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಸೇರಿಸಿದರು. ಅಲ್ಲಿ ಹನ್ನೆರಡು ವರ್ಷ ಗುರುಸೇವೆ ಮಾಡಿ ಕಲಿತ ಆ ಬಾಲಕನೇ ಇಂದಿನ ಪಂಡಿತ ಎಂ. ವೆಂಕಟೇಶಕುಮಾರರು. ಅವರನ್ನು ರೂಪಿಸಿದ ಗುರುಗಳು ಲಿಂಗೈಕ್ಯ ಡಾ. ಪಂಡಿತ ಪುಟ್ಟರಾಜ ಗವಾಯಿಗಳು.

1914ರಲ್ಲಿ ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ ಜನಿಸಿದ ಪುಟ್ಟರಾಜರು ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡರು. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಲ್ಲಿ ಬೆಳೆದ, ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳೇ ಅವರಿಗೆ ಗುರುಗಳಾದರು. ಹಿಂದೂಸ್ತಾನಿ ಹಾಗೂ ಕರ್ನಾಟಕ ಪದ್ಧತಿಗಳೆರಡರಲ್ಲಿಯೂ ಗುರುಗಳಿಗಿದ್ದ ಪ್ರಭುತ್ವ ಶಿಷ್ಯರಿಗೂ ಒಲಿಯಿತು. ಹಾರ್ಮೋನಿಯಂ, ಪಿಟೀಲು, ಸಾರಂಗಿ, ತಬಲಾಗಳೂ ಕೈವಶವಾದವು. ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಅವರು ಗ್ರಂಥಗಳನ್ನು ರಚಿಸಿದರು.

1944ರಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದಾಗ ಪುಟ್ಟರಾಜರಿಗೆ ಮೂವತ್ತು ವರ್ಷ. ಕಛೇರಿಗಳಿಂದ ಕೀರ್ತಿ ಗಳಿಸಬಹುದಾಗಿದ್ದ ವಿದ್ವಾಂಸರ ಹೆಗಲಿಗೆ ಅಂಧ, ಅನಾಥ ಮಕ್ಕಳ ಅನ್ನ, ವಸತಿ, ವಿದ್ಯೆಗಳ ಹೊಣೆ ಬಂದಿತು. ಅವರು ಹಿಂಜರಿಯಲಿಲ್ಲ. ನಾಟಕ ಕಂಪನಿಯ ಗಳಿಕೆ, ಭಕ್ತರ ಕಾಣಿಕೆಗಳು ಆಶ್ರಮದ ದಾಸೋಹಕ್ಕೆ ಸಲ್ಲುತ್ತಿದ್ದವು.

ವಿಶ್ವವಿದ್ಯಾಲಯದ ಕುಲಪತಿಗಳಿಗೆ ಸರ್ಕಾರದ ಅನುದಾನವಿರುತ್ತದೆ, ಅಧಿಕಾರಾವಧಿಯ ಮಿತಿಯಿರುತ್ತದೆ. ಪುಟ್ಟರಾಜರ ಸಾರಥ್ಯಕ್ಕೆ ಆಧಾರವಾಗಿದ್ದುದು ಜೋಳಿಗೆ. ಅದರ ಅವಧಿ ಅರವತ್ತಾರು ವರ್ಷ. ಪ್ರವೇಶಕ್ಕೆ ಜಾತಿಯನ್ನಾಗಲಿ ಸಿರಿತನವನ್ನಾಗಲಿ ಕೇಳಲಿಲ್ಲ. ಪೀಠವೇರಿದ ಮೇಲೆಯೂ ಪಾಠ ಹೇಳುವುದನ್ನು ಅವರು ಬಿಡಲಿಲ್ಲ. ಆಡಳಿತವು ವಿದ್ವತ್ತನ್ನು ನುಂಗದಂತೆ ಕಾಪಾಡಿದ್ದು ಈ ನಿಷ್ಠೆಯೇ.

ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದರು. ಆಶ್ರಮದ ವಿದ್ಯೆ ಮುಂದೆಯೂ ಹರಿಯಿತು. ವೆಂಕಟೇಶಕುಮಾರರು ಧಾರವಾಡದ ವಿಶ್ವವಿದ್ಯಾಲಯ ಸಂಗೀತ ಮಹಾವಿದ್ಯಾಲಯದಲ್ಲಿ ಮೂರು ದಶಕಗಳ ಕಾಲ ಬೋಧಿಸಿದರು. 2016ರಲ್ಲಿ ಪದ್ಮಶ್ರೀ ಪುರಸ್ಕೃತರಾದರು.

ಸಿರುಗುಪ್ಪ, ಕುರುಗೋಡುಗಳಂತಹ ಊರುಗಳಲ್ಲಿಯೂ ಕಂಠಸಿರಿಯುಳ್ಳ ಮಕ್ಕಳಿದ್ದಾರೆ. ಅವರಲ್ಲಿ ಎಲ್ಲರಿಗೂ ಕಲಿಯುವ ಅನುಕೂಲವಿಲ್ಲ. ಅಂಥ ಮಗುವೊಂದನ್ನು ಗುರುತಿಸಿ, ಗುರುವಿನ ಬಳಿಗೆ ಕರೆದೊಯ್ಯುವ ಸೋದರಮಾವನ ಕೆಲಸವನ್ನು ನಮ್ಮಲ್ಲಿ ಯಾರೂ ಮಾಡಬಹುದು. ದಾಸೋಹವು ಅಲ್ಲಿಂದಲೇ ಆರಂಭವಾಗುತ್ತದೆ.