ಉಕ್ತಲೇಖನದ ತಪ್ಪುಗಳು ಏನು ಹೇಳುತ್ತವೆ?

ಕಾಸರಗೋಡಿನ ಕನ್ನಡ ಶಾಲೆಗಳ ಅಳಿವು ಉಳಿವಿನ ಕುರಿತು ನಾವು ಸಭೆಗಳಲ್ಲಿ ಮಾತನಾಡುತ್ತೇವೆ, ಮನವಿಗಳನ್ನು ಸಲ್ಲಿಸುತ್ತೇವೆ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದಂದಿನಿಂದ ಈ ಕೆಲಸ ನಡೆದೇ ಇದೆ; ಮುಂದೆಯೂ ನಡೆಯಬೇಕು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೆ ಮೂರನೆಯ ತರಗತಿಗೆ ಬಂದ ಮಗು ಕನ್ನಡದ ಒಂದು ಪುಟವನ್ನು ಓದಲಾರದೆ ಹೋದರೆ ಹೆತ್ತವರು ವಿಧಿಯನ್ನು ನೆನೆಯುತ್ತ ಕೂರುವುದಿಲ್ಲ. ಮಗುವನ್ನು ಬೇರೆ ಮಾಧ್ಯಮಕ್ಕೆ ಸೇರಿಸುತ್ತಾರೆ. ಆದುದರಿಂದ ಓದು ಕಲಿಸುವ ಬಗೆಯೂ ನಮ್ಮ ಹೋರಾಟದ ಒಂದು ಭಾಗವೇ ಆಗಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯ ಹುಡುಗನೊಬ್ಬ ಉಕ್ತಲೇಖನದಲ್ಲಿ ಸದಾ ಹತ್ತಕ್ಕೆ ಮೂರು ಅಂಕ ಪಡೆಯುತ್ತಿದ್ದ. ನಾವು ಕೆಂಪು ಶಾಯಿಯಲ್ಲಿ ಗೀಟು ಹಾಕಿ, ತಪ್ಪಿದ ಪದಗಳನ್ನು ಐದೈದು ಬಾರಿ ಬರೆಸಿ, ಕೊನೆಗೆ ವರ್ಣಮಾಲೆಯನ್ನು ಮೊದಲಿನಿಂದ ತಿದ್ದಿಸಿದೆವು. ಒಂದು ದಿನ ಅವನ ತಾಯಿ ಟಿ.ಸಿ. ಕೇಳಲು ಬಂದರು. “ಟೀಚರೇ, ಇವನಿಗೆ ಕನ್ನಡ ತಲೆಗೆ ಹತ್ತುವುದಿಲ್ಲ” ಎಂದರು. ಅಂದು ಸಂಜೆ ಅವನ ಪುಸ್ತಕವನ್ನು ಮತ್ತೆ ತೆರೆದು ನೋಡಿದೆವು. ಮನೆ, ಕಾಗೆ, ಗಿಳಿ ಸರಿಯಾಗಿದ್ದವು. ಅಕ್ಕಿ ‘ಅಕಿ’ಯಾಗಿತ್ತು, ಹಣ್ಣು ‘ಹಣು’ವಾಗಿತ್ತು, ಪುಸ್ತಕ ‘ಪುಸತಕ’ವಾಗಿತ್ತು. ತಪ್ಪಿದ ಏಳು ಪದಗಳಲ್ಲಿಯೂ ಒತ್ತಕ್ಷರವಿತ್ತು. ಅವನಿಗೆ ಬಾರದಿದ್ದುದು ಅದೊಂದೇ. ಅದನ್ನು ಬಿಟ್ಟು ಉಳಿದೆಲ್ಲವನ್ನೂ ನಾವು ಒಂದು ತಿಂಗಳು ಮತ್ತೆ ಕಲಿಸಿದ್ದೆವು.

ಕನ್ನಡದಲ್ಲಿ ಬರಹವು ಬಹುಮಟ್ಟಿಗೆ ಉಚ್ಚಾರವನ್ನು ಅನುಸರಿಸುತ್ತದೆ. ಹಾಗಾಗಿ ಮಗುವಿನ ತಪ್ಪು ಕಾಗುಣಿತವು ಯಾವ ಧ್ವನಿಗೂ ಯಾವ ಚಿಹ್ನೆಗೂ ನಂಟು ಇನ್ನೂ ಬಿಗಿಯಾಗಿಲ್ಲ ಎಂಬುದನ್ನು ತೋರಿಸುತ್ತದೆ. ಓದುವಾಗ ಮಗು ಚಿತ್ರ ನೋಡಿ ಊಹಿಸಬಹುದು, ಪಾಠವನ್ನು ಬಾಯಿಪಾಠ ಮಾಡಿರಬಹುದು. ಹೊಸ ಪದವನ್ನು ಕೇಳಿ ಬರೆಯುವಾಗ ಊಹೆಗೆ ಅಷ್ಟು ಎಡೆಯಿಲ್ಲ.

ನಾವು ಈಗ ಅನುಸರಿಸುತ್ತಿರುವ ಕ್ರಮ ಸರಳವಾದುದು. ಇಪ್ಪತ್ತು ಪದಗಳನ್ನು ಐದು ಮೆಟ್ಟಿಲುಗಳಾಗಿ ಜೋಡಿಸುತ್ತೇವೆ. ಮೊದಲನೆಯದು ಮರ, ಕಮಲದಂತಹ ಸರಳಾಕ್ಷರದ ಪದಗಳು. ಎರಡನೆಯದು ಕುರಿ, ಗಿಳಿಯಂತಹ ಹ್ರಸ್ವ ಗುಣಿತ. ಮೂರನೆಯದು ಕಾಗೆ, ಜೀವ, ಕೋತಿಯಂತಹ ದೀರ್ಘ. ನಾಲ್ಕನೆಯದು ಅಂಗಡಿ, ಅಕ್ಕಿಯಂತಹ ಅನುಸ್ವಾರ ಮತ್ತು ಸಜಾತೀಯ ಒತ್ತಕ್ಷರ. ಐದನೆಯದು ಪುಸ್ತಕ, ಚಕ್ರ, ಸೂರ್ಯದಂತಹ ವಿಜಾತೀಯ ಒತ್ತಕ್ಷರ. ಪದವನ್ನು ಒಮ್ಮೆ ಹೇಳಿ, ವಾಕ್ಯದಲ್ಲಿ ಬಳಸಿ, ಮತ್ತೊಮ್ಮೆ ಹೇಳುತ್ತೇವೆ. ಅಂಕ ಕೊಡುವುದಿಲ್ಲ. ಮಗು ಯಾವ ಮೆಟ್ಟಿಲಿನಲ್ಲಿ ಎಡವಿತೆಂದು ಗುರುತಿಸಿ, ಪಾಠವನ್ನು ಅಲ್ಲಿಂದ ಆರಂಭಿಸುತ್ತೇವೆ.

ತಪ್ಪನ್ನು ಎಣಿಸುವುದಕ್ಕಿಂತ ಅದರ ಮೂಲವನ್ನು ಹುಡುಕುವುದು ಮುಖ್ಯ. ‘ಪುಸತಕ’ ಎಂದು ಬರೆದ ಮಗು ಎಲ್ಲ ಧ್ವನಿಗಳನ್ನೂ ಕೇಳಿಸಿಕೊಂಡಿದೆ. ಅದಕ್ಕೆ ಒತ್ತು ಬರೆಯುವ ಕ್ರಮ ತಿಳಿದಿಲ್ಲ. ‘ಪುತ್ಸಕ’ ಎಂದು ಬರೆದ ಮಗುವಿಗೆ ಒತ್ತು ಗೊತ್ತು, ಯಾವುದು ಮೇಲೆ, ಯಾವುದು ಕೆಳಗೆ ಎಂಬುದು ಗೊತ್ತಿಲ್ಲ. ‘ಸೂಯ್ರ’ ಎಂದು ಬರೆದವರನ್ನು ಗದರಿಸುವ ಮೊದಲು, ಕೇಳುವಾಗ ಮುಂದೆ ಬರುವ ರಕಾರವು ಬರೆಯುವಾಗ ಅರ್ಕಾವೊತ್ತಾಗಿ ಹಿಂದೆ ಹೋಗುತ್ತದೆಂಬುದನ್ನು ನಾವು ನೆನೆಯಬೇಕು. ‘ಅಕಿ’ ಎಂದು ಬರೆದ ಮಗುವಿನಿಂದ ಮೊದಲು ಪದವನ್ನು ಹೇಳಿಸಬೇಕು. ಅಕ್–ಕಿ ಎಂದು ಎರಡು ಚಪ್ಪಾಳೆಗೆ ಬಿಡಿಸಿ ಹೇಳಿದರೆ ಕಿವಿ ಸರಿಯಿದೆ, ಚಿಹ್ನೆ ಕಲಿಸಿದರೆ ಸಾಕು. ಹೇಳಲಾರದಿದ್ದರೆ ಕತೆ–ಕತ್ತೆ, ಹಳೆ–ಹಳ್ಳಿ ಎಂಬ ಜೋಡಿಗಳನ್ನು ಬಾಯಲ್ಲಿ ಆಡಿಸಿದ ಬಳಿಕವೇ ಕೈಗೆ ಪೆನ್ಸಿಲು ಕೊಡಬೇಕು.

ಗಡಿನಾಡಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ನಮ್ಮ ಒಂದೇ ಬೆಂಚಿನಲ್ಲಿ ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಹವ್ಯಕ ಕನ್ನಡದ ಮನೆಗಳ ಮಕ್ಕಳು ಕೂರುತ್ತಾರೆ. ಮಲಯಾಳದಲ್ಲಿ ‘ಮಕನ್’ ಎಂದು ಬರೆದರೂ ಮಾತಿನಲ್ಲಿ ಅದರ ಕಕಾರವು ಗಕಾರದ ಸಮೀಪಕ್ಕೆ ಬರುತ್ತದೆ. ಎರಡೂ ಲಿಪಿ ಕಲಿಯುವ ಮಗು ಮಗ ಎಂಬುದನ್ನು ‘ಮಕ’ ಎಂದು ಬರೆದರೆ ಅಚ್ಚರಿಯಿಲ್ಲ. ತುಳುವಿನ ಕೆಲವು ಪ್ರಭೇದಗಳಲ್ಲಿ ಳಕಾರದ ಜಾಗದಲ್ಲಿ ಲಕಾರವೇ ಇದೆ. ಆ ಮನೆಯ ಮಗುವಿಗೆ ಹುಲಿ–ಹುಳಿ, ಕಲೆ–ಕಳೆ ಜೋಡಿಗಳಲ್ಲಿ ಅಭ್ಯಾಸ ಬೇಕು. ಮಲಯಾಳದ ಮಗುವಿಗಾದರೋ ಪುಲಿ–ಪುಳಿ ಎಂಬ ಭೇದ ಮನೆಯಲ್ಲಿಯೇ ದೊರೆತಿದೆ. ಹ್ರಸ್ವ–ದೀರ್ಘ ಭೇದ ತುಳು, ಮಲಯಾಳ ಎರಡರಲ್ಲಿಯೂ ಇರುವುದರಿಂದ, ಬಾಲವನ್ನು ‘ಬಲ’ ಎಂದು ಬರೆದಾಗ ಕೊರತೆ ಹೆಚ್ಚಾಗಿ ಕಿವಿಯದಲ್ಲ, ದೀರ್ಘದ ಚಿಹ್ನೆಯದು. ಮನೆಮಾತನ್ನು ಅಡ್ಡಿಯೆಂದು ದೂರುವ ಬದಲು ಅದು ಏನನ್ನು ಕೊಟ್ಟಿದೆ, ಏನನ್ನು ಕೊಟ್ಟಿಲ್ಲ ಎಂದು ವಿಚಾರಿಸುವುದು ಅಧ್ಯಾಪಕನ ಕೆಲಸ.

ಮಹಾಪ್ರಾಣದ ವಿಷಯದಲ್ಲಿ ತಾಳ್ಮೆ ಬೇಕು. ‘ಬೂಮಿ’, ‘ದನ’ ಎಂಬ ತಪ್ಪುಗಳನ್ನು ಕನ್ನಡವೇ ಮನೆಮಾತಾದ ಮಕ್ಕಳೂ ಮಾಡುತ್ತಾರೆ, ಏಕೆಂದರೆ ದಿನನಿತ್ಯದ ಮಾತಿನಲ್ಲಿ ಮಹಾಪ್ರಾಣ ಸ್ಪಷ್ಟವಾಗಿ ಕೇಳಿಸುವುದು ಕಡಿಮೆ. ಅದು ಓದಿನ ಬಳಕೆಯಿಂದ, ಪದಪದವಾಗಿ ನೆನಪಿನಲ್ಲಿ ನಿಲ್ಲುವಂಥದು. ಒಂದನೆಯ ತರಗತಿಯಲ್ಲಿ ಅದಕ್ಕಾಗಿ ಗೀಟು ಎಳೆಯುವುದು ಸಲ್ಲದು.

ಆ ಹುಡುಗನ ತಾಯಿಯಿಂದ ನಾವು ಎರಡು ತಿಂಗಳ ಕಾಲಾವಕಾಶ ಕೇಳಿಕೊಂಡೆವು. ದಿನಕ್ಕೆ ಹದಿನೈದು ನಿಮಿಷ ಒತ್ತಕ್ಷರ ಮಾತ್ರ. ಮೂರನೆಯ ವಾರ ಅವನು ಅಕ್ಕಿಯನ್ನು ಸರಿಯಾಗಿ ಬರೆದ. ಅದರೊಡನೆ ಮನೆಯನ್ನು ‘ಮನ್ನೆ’ ಎಂದೂ ಬರೆದ. ಹಿಂದಾಗಿದ್ದರೆ ಅದಕ್ಕೂ ಗೀಟು ಬೀಳುತ್ತಿತ್ತು. ಹೊಸದಾಗಿ ಕಲಿತ ಒತ್ತನ್ನು ಅವನು ಎಲ್ಲೆಡೆ ಪ್ರಯೋಗಿಸಿ ನೋಡುತ್ತಿದ್ದನಷ್ಟೆ. ಅವನು ನಾಲ್ಕನೆಯ ತರಗತಿಯನ್ನು ಕನ್ನಡದಲ್ಲಿಯೇ ಮುಗಿಸಿದ.

ಜೂನ್‌ನಲ್ಲಿ ಶಾಲೆ ತೆರೆದಾಗ ಒಮ್ಮೆ, ಓಣಂ ರಜೆಯ ಬಳಿಕ ಒಮ್ಮೆ, ಕ್ರಿಸ್‌ಮಸ್ ರಜೆಯ ಬಳಿಕ ಒಮ್ಮೆ ಈ ಇಪ್ಪತ್ತು ಪದಗಳನ್ನು ಬರೆಸಿ ನೋಡುವಂತೆ ಸಹೋದ್ಯೋಗಿಗಳಲ್ಲಿ ನಮ್ಮ ವಿನಂತಿ. ಇದಕ್ಕೆ ಸರಕಾರದ ಆದೇಶವೂ ಬೇಡ, ಅನುದಾನವೂ ಬೇಡ. ಹೆತ್ತವರಲ್ಲಿಯೂ ಒಂದು ಮಾತು: ಮಗು ಮೂರು ಅಂಕ ತಂದಾಗ ಶಾಲೆ ಬದಲಿಸುವ ಮುನ್ನ ಬರೆದ ಹಾಳೆಯೊಡನೆ ಅಧ್ಯಾಪಕರ ಬಳಿಗೆ ಬನ್ನಿ. ತಪ್ಪು ಎಷ್ಟು ಎಂದು ಕೇಳಬೇಡಿ, ಯಾವುದು ಎಂದು ಕೇಳಿ.